ಎಡಕ್ಕೆ ಸ್ಟೇರಿಂಗು, ಬಲಕ್ಕೆ ಬಾಗಿಲು

ಡ್ರೈವಿಂಗ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬಂದು, “ಮಾಸ್ತರ್ರ, ಅನುಭವದ್ದ ಏನರೆ ಎರಡ ಮಾತ ಹೇಳ್ರಿ” ಅನ್ನುತ್ತಾರೆ. ಎರಡೇ ಮಾತು ಸಾಕಾದರೆ ಹೇಳಿಬಿಡಬಹುದು: ಕಾಲು ಬ್ರೇಕಿನ ಮೇಲಿರಲಿ, ಬಾಯಿ ಮುಚ್ಚಿರಲಿ. ಆದರೆ ನಿವೃತ್ತನಾದವನನ್ನು ಮಾತಿಗೆಳೆದು ಎರಡೇ ಮಾತು ಕೇಳಿ ಎದ್ದು ಹೋಗಬಹುದು ಅಂದುಕೊಂಡರೆ ಅದು ಅವರ ತಪ್ಪು. ಚಹಾ ಬರುವವರೆಗೆ ಕೂರಲೇಬೇಕಾಗುತ್ತದೆ. ಚಹಾ ಯಾವಾಗ ಬರಬೇಕೆಂಬುದು ನನ್ನ ಕೈಯಲ್ಲಿದೆ.

ಸೊಲ್ಲಾಪುರದ ಒಂದು ಡ್ರೈವಿಂಗ್ ಶಾಲೆಯಲ್ಲಿ ನನ್ನ ಇಡೀ ನೌಕರಿ ಕಾರಿನ ಎಡಗಡೆ ಸೀಟಿನಲ್ಲೇ ಮುಗಿಯಿತು. ಕಲಿಯುವವನು ಬಲಕ್ಕೆ, ಸ್ಟೇರಿಂಗಿನ ಹಿಂದೆ. ನಾನು ಎಡಕ್ಕೆ, ನನ್ನ ಕಾಲ ಬಳಿ ಹೆಚ್ಚಿನದೊಂದು ಕ್ಲಚ್ಚು, ಹೆಚ್ಚಿನದೊಂದು ಬ್ರೇಕು. ಆಕ್ಸಿಲರೇಟರು ನನಗಿರಲಿಲ್ಲ. ಮಾಸ್ತರನಿಗೆ ನಿಲ್ಲಿಸುವ ಅಧಿಕಾರ ಉಂಟು, ಓಡಿಸುವ ಅಧಿಕಾರ ಇಲ್ಲ ಎಂಬುದನ್ನು ಯಾರೋ ಬುದ್ಧಿವಂತರು ಕಬ್ಬಿಣದಲ್ಲೇ ಮಾಡಿಟ್ಟಿದ್ದರು. ಪಗಾರವೂ ಅದೇ ಲೆಕ್ಕದಲ್ಲಿ ಬರುತ್ತಿತ್ತು.

ಕಲಿಸುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಸೊಲ್ಲಾಪುರದ ಟ್ರಾಫಿಕ್ಕಿನಲ್ಲಿ ಎರಡು ವಾರ ಬಿಟ್ಟರೆ ಎಮ್ಮೆಯೂ ಕಲಿಯುತ್ತದೆ. ಕಷ್ಟವಿರುವುದು ಕಲಿತದ್ದನ್ನು ಮರೆಸುವುದರಲ್ಲಿ. ಇದು ನನಗೆ ಗೊತ್ತಾದದ್ದು ಬೀರಪ್ಪನಿಂದ. ಪರದೇಶಕ್ಕೆ ಹೋಗುವಾಗ ಅವನಿಗೆ ಒಂದು ನೌಕರಿಯ ಚಿಂತೆ ಇತ್ತು. ತಿರುಗಿ ಬರುವಾಗ ಮಗಳ ಜೊತೆ ಒಂದೇ ಮನೆಯಲ್ಲಿ ಇರಲಾದೀತೋ ಇಲ್ಲವೋ ಎಂಬ ಚಿಂತೆ. ಎರಡೂ ಸಲ ಅವನು ಬಂದದ್ದು ನನ್ನ ಹತ್ತಿರ.

ಮೊದಲು ನಮ್ಮ ಮಾಲೀಕರ ವಿಷಯ ಹೇಳಬೇಕು. ರೇವಣಶೇಠ್ ಚಾದರು, ಟಾವೆಲ್ಲು ಮಾರುವ ಮನೆತನದವರು. ಸ್ವತಃ ಸೈಕಲ್ ಹೊಡೆಯಲೂ ಬಾರದಿದ್ದುದರಿಂದ ಡ್ರೈವಿಂಗ್ ಶಾಲೆ ನಡೆಸಲು ಬೇಕಾದ ಧೈರ್ಯ ಅವರಲ್ಲಿ ಹೇರಳವಾಗಿತ್ತು. ನಮ್ಮ ಕಡೆಯವರು ಡ್ರೈವರಿಕೆಗೆ ಕೊಲ್ಲಿ ದೇಶಗಳಿಗೆ ಹೋಗತೊಡಗಿದ್ದನ್ನು ಅವರು ಗಲ್ಲೆಯ ಮೇಲೆ ಕೂತೇ ವಾಸನೆ ಹಿಡಿದರು. ಅಲ್ಲಿನ ಗಾಡಿಗಳಿಗೆ ಸ್ಟೇರಿಂಗು ಎಡಗಡೆ. ಅಷ್ಟು ಗೊತ್ತಾಗುತ್ತಲೇ “ದುಬೈ ಕೋರ್ಸ್” ಎಂದು ಬೋರ್ಡು ಬರೆಸಿದರು. ಬೋರ್ಡಿನ ಬಣ್ಣ ಒಣಗಿದ ಮೇಲೆ ನನ್ನನ್ನು ಕರೆದರು.

“ಮಾಸ್ತರ, ನಿಮ್ಮ ಸೀಟಿಗೆ ಕ್ಲಚ್ ಐತಿ, ಬ್ರೇಕ್ ಐತಿ. ಬರೇ ಸ್ಟೇರಿಂಗ್ ಕಮ್ಮಿ. ಅದೊಂದ ಕೂಡಿಸಿದ್ರ ದುಬೈ ಗಾಡಿ ತಯಾರ ಝಾಲೀ!” ಅಂದರು.

“ಶೇಠಜಿ, ಅದನ್ನ ಗಾಲಿಗೆ ಹೆಂಗ ಕೂಡಸೂದ್ರಿ?”

“ಗಾಲಿಗೆ ಯಾಕ ಕೂಡಬೇಕು? ಪ್ರ್ಯಾಕ್ಟಿಸ್ ಸಾಟೀ ಆಹೆ. ಕೈಗೆ ರೂಢಿ ಆದ್ರ ಸಾಕು. ಟೆನ್ಶನ್ ಘೇಊ ನಕಾ.” ಅಭ್ಯಾಸಕ್ಕಷ್ಟೇ, ಚಿಂತೆ ಬೇಡ ಎಂದು ಮರಾಠಿಯಲ್ಲೇ ಸಮಾಧಾನ ಹೇಳಿದರು.

ಹೀಗೆ ಒಬ್ಬ ವೆಲ್ಡರು ಬಂದು ನನ್ನ ಮುಂದಿನ ಡ್ಯಾಶ್‌ಬೋರ್ಡಿಗೆ ಹಳೆಯ ಜೀಪಿನದೊಂದು ಸ್ಟೇರಿಂಗು ಜೋಡಿಸಿದ. ಅದು ಚೆನ್ನಾಗಿ ತಿರುಗುತ್ತಿತ್ತು. ಯಾವುದಕ್ಕೂ ಸಂಬಂಧವಿಲ್ಲದ್ದು ಯಾವಾಗಲೂ ಚೆನ್ನಾಗಿಯೇ ತಿರುಗುತ್ತದೆ. ಶೇಠರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಸ್ಟೇರಿಂಗು ಉಲ್ಟಾ ಎಂದ ಮೇಲೆ ಕಾಲಿನವೂ ಉಲ್ಟಾ ಇರಲೇಬೇಕು ಎಂದು ವಾದಿಸಿ, ಕ್ಲಚ್ಚನ್ನು ಬಲಕ್ಕೂ ಬ್ರೇಕನ್ನು ಎಡಕ್ಕೂ ಕೂಡಿಸಲು ವೆಲ್ಡರಿಗೆ ಹೇಳಿದ್ದರು. ನಾನು ಗಾಡಿಗೆ ಅಡ್ಡ ನಿಂತು ತಡೆದೆ.

ಹೊಸಬರಲ್ಲೂ ಈ ಭ್ರಮೆ ಇದೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಎಡ ಸ್ಟೇರಿಂಗಿನ ಗಾಡಿಯೆಂದರೆ ನಮ್ಮ ಗಾಡಿಯನ್ನು ಕನ್ನಡಿಯಲ್ಲಿ ನೋಡಿದ ಹಾಗಲ್ಲ. ಕಾಲುಗಳಿಗೆ ಯಾವ ಬದಲಾವಣೆಯೂ ಇಲ್ಲ: ಅಲ್ಲೂ ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರು. ಗೊಂದಲವೆಲ್ಲ ಕೈಗಳಿಗೆ. ಗೇರು ಬಲಗೈಗೆ ಬರುತ್ತದೆ. ಗೇರಿನ ನಕ್ಷೆ ಮಾತ್ರ ತಿರುಗುವುದಿಲ್ಲ. ಮೊದಲನೆಯ ಗೇರು ಅಲ್ಲೂ ಎಡಕ್ಕೇ, ಮೇಲೆ. ಆದರೆ ನಮ್ಮ ಗಾಡಿಯಲ್ಲಿ ಮೈಯಿಂದ ಆಚೆ ತಳ್ಳಿ ಹಾಕುವ ಗೇರನ್ನು ಅಲ್ಲಿ ತೊಡೆಯ ಹತ್ತಿರಕ್ಕೆ ಎಳೆದು ಹಾಕಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬೆರಳಿಗೆ ಇಂಡಿಕೇಟರು, ಎಡಗೈ ಬೆರಳಿಗೆ ವೈಪರು, ಅಲ್ಲಿ ಅದಲುಬದಲು. ಹೆಡ್‌ಲೈಟು ಕೂಡ ಆಯಾ ದೇಶದ ರಸ್ತೆಯಂಚಿನ ಕಡೆಗೆ ಬಾಗಿ ಬೆಳಗುತ್ತದೆ, ಎದುರಿನವನ ಕಣ್ಣಿಗೆ ಹೊಡೆಯಬಾರದೆಂದು. ಎದುರಿನವನ ಕಣ್ಣಿನ ಚಿಂತೆ ಮಾಡುವ ದೇಶಗಳೂ ಇವೆ ಎಂದು ನಾನು ಹೇಳಿದಾಗ ಶೇಠರು ನಂಬಲಿಲ್ಲ.

ದುಬೈ ಕೋರ್ಸಿನ ಮೊದಲ ಗಿರಾಕಿಯೇ ಬೀರಪ್ಪ. ಅಕ್ಕಲಕೋಟ ತಾಲ್ಲೂಕಿನ ತಡವಳದವ. ಕುರಿ ಸಾಕುವ ಮನೆತನ. ಕುರಿಗಳನ್ನು ಸಂತೆಗೆ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಕುರಿ ಕಾಯುವವರ ದೇವರಾದ ಬೀರೋಬಾನ ಭಕ್ತ, ಹಣೆಗೆ ಭಂಡಾರವಿಲ್ಲದೆ ಗಾಡಿ ಮುಟ್ಟುವವನಲ್ಲ. ಕಂಪನಿಯೊಂದು ಅವನನ್ನು ಕೊಲ್ಲಿಗೆ ಕರೆದೊಯ್ಯಲು ಸಿದ್ಧವಿತ್ತು. ಹೋಗುವ ಮೊದಲು ಮುಂಬೈಯಲ್ಲಿ ಎಡ ಸ್ಟೇರಿಂಗಿನ ಗಾಡಿ ಓಡಿಸಿ ತೋರಿಸಬೇಕಿತ್ತು. ಮೊದಲ ದಿನವೇ ಚೀಲದಿಂದ ಅರಿಷಿಣದ ಭಂಡಾರ ತೆಗೆದು ಭಕ್ತಿಯಿಂದ ಸ್ಟೇರಿಂಗಿಗೆ ಹಚ್ಚಿದ. ಎರಡರಲ್ಲಿ ಖೊಟ್ಟಿ ಇದ್ದದ್ದಕ್ಕೆ ಹಚ್ಚಿದ. ದೇವರು ಅಂದು ಯಾವ ಗಾಲಿಯನ್ನು ಕಾಯಬೇಕೆಂದು ತಿಳಿಯದೆ ಒದ್ದಾಡಿರಬೇಕು.

ಅವನು ಎಡಕ್ಕೆ ಕೂತು ಜೀಪಿನ ಸ್ಟೇರಿಂಗು ತಿರುಗಿಸುವುದು, ನಾನು ಬಲಕ್ಕೆ ಕೂತು ಅವನ ಕೈ ನೋಡಿ ನಿಜವಾದದ್ದನ್ನು ತಿರುಗಿಸುವುದು. ಅವನು “ಹೊಡೀರಿ” ಎಂದರೆ ನಾನು ಆಕ್ಸಿಲರೇಟರು ತುಳಿಯಬೇಕು. ಗುರು ಶಿಷ್ಯನನ್ನು ಇಷ್ಟು ನಿಷ್ಠೆಯಿಂದ ಅನುಸರಿಸಿದ್ದು ಬೇರೆಲ್ಲೂ ಇರಲಾರದು. ಆದರೆ ಅವನು ತಿರುಗಿಸಿದ ಕಡೆಗೆಲ್ಲ ತಿರುಗಿದ್ದರೆ ನಾವಿಬ್ಬರೂ ಕೆರೆ ಸೇರುತ್ತಿದ್ದೆವು. ಒಂದು ನಾಕಾದಲ್ಲಿ ಅವನು ಬಲಕ್ಕೆ ತಿರುವಿದ. ಬಲಗಡೆ ಕಬ್ಬಿನ ಟ್ರ್ಯಾಕ್ಟರು ಬರುತ್ತಿತ್ತು. ನಾನು ಎಡಕ್ಕೆ ತಂದೆ.

“ಮಾಸ್ತರ್ರ, ನಾ ಬಲಕ್ಕ ತಿರುವೀನಿ, ಗಾಡಿ ಎಡಕ್ಕ ಹೊಂಟೈತಲ್ರಿ!” ಬೀರಪ್ಪ ಚೀರಿದ.

ನಾಕಾದ ಹವಾಲ್ದಾರ ಶಿಳ್ಳೆ ಊದಿ ನಿಲ್ಲಿಸಿದ. ಎರಡೂ ಸ್ಟೇರಿಂಗು ನೋಡಿದ. ನಮ್ಮಿಬ್ಬರ ಮುಖ ನೋಡಿದ. “ಗಾಡೀ ಕೋಣ್ ಚಾಲವತೋಯ್?” ಎಂದು ಮರಾಠಿಯಲ್ಲಿ ಕೇಳಿದ. ಓಡಿಸುವವರು ಯಾರು ಎಂಬ ಸಾದಾ ಪ್ರಶ್ನೆ. ಇಬ್ಬರೂ ಕೈ ಎತ್ತಿದೆವು. ಅವನ ಇಡೀ ನೌಕರಿಯಲ್ಲಿ ಒಂದು ಗಾಡಿಯ ತಪ್ಪನ್ನು ಒಪ್ಪಿಕೊಳ್ಳಲು ಇಬ್ಬರು ಮುಂದೆ ಬಂದದ್ದು ಅದೇ ಮೊದಲಿರಬೇಕು. ತಲೆ ಅಲ್ಲಾಡಿಸಿ ಬಿಟ್ಟುಬಿಟ್ಟ.

ಇಷ್ಟು ವಿದ್ಯೆ ಕಟ್ಟಿಕೊಂಡು ಬೀರಪ್ಪ ಮುಂಬೈಗೆ ಹೋದ. ಪರೀಕ್ಷೆ ತೆಗೆದುಕೊಳ್ಳುವವನು ಗಾಡಿ ಹೊರಡಿಸು ಎಂದಾಗ ಗೇರು ಹಾಕಲು ರೂಢಿಯ ಎಡಗೈ ಚಾಚಿದ. ಎಡಕ್ಕೆ ಇದ್ದದ್ದು ಬಾಗಿಲು. ಹಿಡಿಕೆ ಎಳೆದ, ಬಾಗಿಲು ತೆರೆಯಿತು. ಅದನ್ನು ಮುಚ್ಚಿ, ತಿರುವಿನಲ್ಲಿ ಇಂಡಿಕೇಟರು ಹಾಕಿದ. ಸುಡುವ ಬಿಸಿಲಿನಲ್ಲಿ ಗಾಜಿನ ಮೇಲೆ ವೈಪರು ಕುಣಿಯಿತು. ಪರೀಕ್ಷೆಯವನು ಆಕಾಶ ನೋಡಿದನಂತೆ. ಇನ್ನೊಂದೇ ಒಂದು ಅವಕಾಶ ಕೊಡುತ್ತೇವೆ, ಕಲಿತು ಬಾ ಎಂದು ಕಳಿಸಿದರು.

“ಮಾಸ್ತರ್ರ, ಮುಂದಿನ ಸಲಾನೂ ಹಿಂಗಾದ್ರ ಹೋತ್ರಿ ನೌಕರಿ. ಮನ್ಯಾಗ ಹೇಂತಿ ಬಸರಿ ಅದಾಳ,” ಅಂದ. ನಕ್ಕು ಮುಗಿಸುವ ಹಾಗಿರಲಿಲ್ಲ. ಶೇಠರಿಗೆ ಹೇಳಿದರೆ, “ಕುಣೀಲಿಕ್ಕೆ ಬರಲಾರದಾಕಿಗೆ ನೆಲ ಡೊಂಕು” ಎಂದು ಅವನನ್ನೇ ಬೈದರು. ನೆಲ ನಿಜವಾಗಿಯೂ ಡೊಂಕಿದ್ದಾಗ ಈ ಗಾದೆಯನ್ನು ನೆಲದ ಮಾಲೀಕನೇ ಹೇಳುತ್ತಾನೆ.

ಊರಾಚೆ ಚಿಂಚೋಳಿ ಎಂಐಡಿಸಿ ಎಂಬ ಕಾರ್ಖಾನೆಗಳ ಬಡಾವಣೆಯಲ್ಲಿ ಪರದೇಶಕ್ಕೆ ಹೋಗುವ ಸಣ್ಣ ಟ್ರಕ್ಕುಗಳಿಗೆ ಬಾಡಿ ಕಟ್ಟುವ ಒಂದು ಕಾರ್ಖಾನೆ ಇತ್ತು. ಅಲ್ಲಿನ ಮೇಸ್ತ್ರಿಗೆ ಡ್ರೈವಿಂಗ್ ಕಲಿಸಿದವನು ನಾನೇ. ತಾನಿನ್ನೂ ಜೀವಂತ ಇದ್ದುದರಿಂದ ಅವನಿಗೆ ನನ್ನ ಮೇಲೆ ಗೌರವವಿತ್ತು. ವಾರದ ರಜೆಯ ದಿನ ಕಾಂಪೌಂಡಿನೊಳಗೆ ಮಾತ್ರ ಎಂಬ ಶರತ್ತಿನ ಮೇಲೆ ಒಂದು ನಿಜವಾದ ಎಡ ಸ್ಟೇರಿಂಗಿನ ಗಾಡಿ ಕೊಟ್ಟ.

ಬೀರಪ್ಪ ಗಾಡಿ ಹತ್ತುವುದಕ್ಕೇ ಒಂದು ಪದ್ಧತಿ ಇತ್ತು: ಬಲಗಾಲು ಮುಂದಿಟ್ಟೇ ಹತ್ತಬೇಕು. ನಮ್ಮ ಗಾಡಿಗಳಲ್ಲಿ ಬಲಗಡೆ ಬಾಗಿಲಿನಿಂದ ಒಳಹೋಗುವಾಗ ಎಡಗಾಲು ಮೊದಲು ಹೋಗುವುದೇ ಸಲೀಸು. ಪಾಪ, ಅವನು ದಿನಾ ಸೊಂಟ ತಿರುಚಿ, ಬಲಗಾಲು ತೂರಿಸಿ, ಸ್ಟೇರಿಂಗಿಗೆ ಮೊಣಕಾಲು ಬಡಿಸಿಕೊಂಡು ಕೂರುತ್ತಿದ್ದ. ಈ ಗಾಡಿಯ ಎಡಗಡೆ ಬಾಗಿಲಿಗೆ ನಿಂತಾಗ ಬಲಗಾಲು ತಾನಾಗಿ ಒಳಗೆ ಹೋಯಿತು.

“ಈ ಗಾಡಿ ನಮ್ಮ ದೇವರಿಗೆ ಕೇಳೇ ಮಾಡ್ಯಾರ್ರಿ ಮಾಸ್ತರ್ರ!” ಎಂದು ಮುಖ ಅರಳಿಸಿದ. ಅವನ ಅರ್ಧ ಹೆದರಿಕೆ ಅಲ್ಲೇ ಹೋಯಿತು. ನಾನು ಬರೀ ಗೇರು, ವೈಪರು ಎಂದು ತಲೆ ಕೆಡಿಸಿಕೊಂಡಿದ್ದೆ.

ಕೈಗಳು ಬೇಗ ಕಲಿತವು. ಕಲಿಯಲಾರದೆ ಹೋದದ್ದು ಇಡೀ ಮೈ. ಬಲಗಡೆ ಕೂತು ಓಡಿಸಿದವನ ಮೈಗೆ ರಸ್ತೆಯಲ್ಲಿ ತಾನು ಎಲ್ಲಿರಬೇಕೆಂದು ಗೊತ್ತಿರುತ್ತದೆ. ಅವನನ್ನು ಎಡಕ್ಕೆ ಕೂರಿಸಿದರೂ ಮೈ ಅದೇ ಜಾಗ ಹುಡುಕುತ್ತದೆ. ಆಗ ಗಾಡಿಯ ಉಳಿದ ಭಾಗ ಗೋಡೆಗೆ ಉಜ್ಜುತ್ತದೆ. ನಾನು ಅವನಿಗೆ ಒಂದೇ ಸೂತ್ರ ಹೇಳಿಕೊಟ್ಟೆ: ಯಾವ ದೇಶವಿರಲಿ, ಡ್ರೈವರನ ಕುಂಡಿ ನಡುರಸ್ತೆಯ ಕಡೆಗೆ. ಕೊಲ್ಲಿಯಲ್ಲಿ ಗಾಡಿ ರಸ್ತೆಯ ಬಲಗಡೆ ಹೋಗುತ್ತದೆ, ಆದ್ದರಿಂದ ಎಡಗಡೆ ಕೂತವನು ನಡುವಿಗೇ ಇರುತ್ತಾನೆ. ಇದನ್ನು ಹೇಳಿದರೆ ಸಾಲದು, ಮಾಡಿಸಬೇಕು. ಮಾಡಿಸಲು ಕಾಂಪೌಂಡನ್ನೇ ಪರದೇಶ ಮಾಡಬೇಕಾಯಿತು. ಚಹಾದವನ ಸೈಕಲ್ಲು, ತಳ್ಳುಗಾಡಿ, ಮೇಸ್ತ್ರಿಯ ಸ್ಕೂಟರು, ಎಲ್ಲವೂ ಅಂದು ಬಲಗಡೆಯಿಂದಲೇ ಹೋಗಬೇಕೆಂದು ನಾನು ನಿಂತು ಕೂಗುತ್ತಿದ್ದೆ. ವಾಚಮನ್ ಬಂದು, “ಮಾಸ್ತರ, ಹೇ ಕಾಯ್? ಸಗಳೇ ಉಲ್ಟಾ ಚಾಲಲೇತ!” ಅಂದ. ಎಲ್ಲರೂ ಉಲ್ಟಾ ಹೋಗುತ್ತಿರುವುದು ಸೊಲ್ಲಾಪುರದವನೊಬ್ಬನ ಕಣ್ಣಿಗೆ ಬಿದ್ದಿತಲ್ಲ ಎಂದು ನನಗೆ ಸಂತೋಷವಾಯಿತು.

ಬೀರಪ್ಪ ಪಾಸಾದ, ಹೋದ. ಕೆಲವು ವರ್ಷದಲ್ಲಿ ಅಲ್ಲಿ ದೊಡ್ಡ ಬಸ್ಸು ಓಡಿಸತೊಡಗಿದ. ಶೇಠರು ಅವನ ಫೋಟೊವನ್ನು ಬೋರ್ಡಿಗೆ ಹಾಕಿಸಿದರು, ಜೀಪಿನ ಸ್ಟೇರಿಂಗಿನ ಫೋಟೊ ಪಕ್ಕದಲ್ಲಿ.

ಈ ನಡುವೆ ನಾನು ನಿವೃತ್ತನಾದೆ. ಕಲಿಸುವ ಕೆಲಸವೂ ಬದಲಾಯಿತು. ಈಗ ಕಲಿಯುವವರು ಮೊದಲು ಮೊಬೈಲಿನಲ್ಲಿ ನೋಡಿ ಬರುತ್ತಾರೆ. ಎಲ್ಲ ಗೊತ್ತಿರುತ್ತದೆ, ಕ್ಲಚ್ಚು ಎಲ್ಲಿದೆ ಎಂಬುದೊಂದನ್ನು ಬಿಟ್ಟು. ಕ್ಲಚ್ಚೇ ಇಲ್ಲದ ಗಾಡಿಗಳೂ ಬಂದು ಅವರ ಮರ್ಯಾದೆ ಉಳಿಸಿವೆ. ಗಾಡಿ ತಾನೇ ಕೂಗಿ ಎಚ್ಚರಿಸುತ್ತದೆ. ನನ್ನ ಕೆಲಸವೂ ಅದೇ ಆಗಿತ್ತು. ಒಂದೇ ವ್ಯತ್ಯಾಸ, ಗಾಡಿಯ ಕೂಗನ್ನು ಬಟನ್ ಒತ್ತಿ ಬಂದ್ ಮಾಡಬಹುದು.

ಹಿಂದಿನ ವರ್ಷ ಬೀರಪ್ಪ ಮನೆಗೆ ಬಂದ. ಕೈಯಲ್ಲಿ ಖರ್ಜೂರದ ಡಬ್ಬಿ, ತಲೆಯಲ್ಲಿ ಬಿಳಿ ಕೂದಲು. ಕೂತವನು ಬಹಳ ಹೊತ್ತು ಡಬ್ಬಿಯ ಮುಚ್ಚಳ ತಿರುವುತ್ತಿದ್ದ.

“ಮಾಸ್ತರ್ರ, ಇನ್ನ ಹೋಗಂಗಿಲ್ರಿ. ಮಗಳು ನನಗ ‘ಅವ್ರು ಬಂದಾರ’ ಅಂತಾಳ. ಅಪ್ಪ ಬಂದಾನ ಅನ್ನಂಗಿಲ್ಲ. ಫೋನಿನ್ಯಾಗ ಇದ್ದಾಗ ಛಲೋ ಮಾತಾಡ್ತಿದ್ಳು. ಎದುರಿಗೆ ಬಂದ್ರ ಅವರವ್ವನ ಸೆರಗಿನ ಹಿಂದ ನಿಲ್ತಾಳ.”

ಮಗಳು ಓದುವ ಅಕ್ಕಲಕೋಟದ ಶಾಲೆಗೆ ಬಸ್ ಡ್ರೈವರ್ ಬೇಕಾಗಿತ್ತು. ಆ ಬಸ್ಸು ತಡವಳಕ್ಕೂ ಬರುತ್ತದೆ. ಮಗಳು ದಿನಾ ಅದರಲ್ಲೇ ಹೋಗಿ ಬರುತ್ತಾಳೆ. ಶಾಲೆಯವರು, ನಿನಗೆ ಕಲಿಸಿದ ಮಾಸ್ತರೇ ಜೊತೆ ಕೂತು ನೋಡಿ ಹೂಂ ಅಂದರೆ ಕೆಲಸ ಕೊಡುತ್ತೇವೆ ಅಂದಿದ್ದರು. ಓಡಿಸುವುದೊಂದೇ ಅವನಿಗೆ ಗೊತ್ತಿದ್ದ ಕೆಲಸ. ಇಲ್ಲಿ ಸಿಗದಿದ್ದರೆ ಮತ್ತೆ ವಿಮಾನ ಹತ್ತಬೇಕು.

ಒಂದು ರವಿವಾರ ಖಾಲಿ ಬಸ್ಸು ತೆಗೆದುಕೊಂಡು ಅಕ್ಕಲಕೋಟದಿಂದ ತಡವಳಕ್ಕೆ ಹೊರಟೆವು. ನನಗೆ ಎಡಗಡೆಯ ಮುಂದಿನ ಸೀಟು. ಈ ಸಲ ಕಾಲ ಕೆಳಗೆ ಬ್ರೇಕು ಇರಲಿಲ್ಲ. ಮೊದಲು ಅವನ ಬಲಗೈ ಗೇರು ಹುಡುಕುತ್ತ ಕಿಟಕಿಗೆ ಬಡಿಯಿತು. ವೈಪರು ಒಮ್ಮೆ ಕುಣಿಯಿತು. ಇಬ್ಬರೂ ನಕ್ಕೆವು. ಊರು ದಾಟುವಾಗ ಒಂದು ತಪ್ಪೂ ಇಲ್ಲ. ಮುಂದೆ ಟಮ್ಟಮ್, ಹಿಂದೆ ಮೋಟಾರ್ ಸೈಕಲ್ಲು, ನಡುವೆ ಪಾದಯಾತ್ರೆ ಹೊರಟ ದಿಂಡಿಯವರು. ಎಲ್ಲರ ಜೊತೆ ಅವನೂ ಎಡಕ್ಕೆ ಹೋದ. ಎಂಥ ಹತೋಟಿ! ನಾನು ಕಲಿಸಿದ್ದಲ್ಲ ಅದು, ಮರಳುಗಾಡಿನ ಹೆದ್ದಾರಿ ಕಲಿಸಿದ್ದು. ಹೂಂ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು.

ಹೊಸಬರು ಇದನ್ನು ನೆನಪಿಟ್ಟುಕೊಳ್ಳಲಿ: ಗದ್ದಲದ ರಸ್ತೆಯಲ್ಲಿ ಯಾರೂ ದಿಕ್ಕು ತಪ್ಪುವುದಿಲ್ಲ, ಮುಂದಿನವನು ದಾರಿ ತೋರಿಸುತ್ತಾನೆ. ಮನುಷ್ಯನ ನಿಜವಾದ ರೂಢಿ ಹೊರಗೆ ಬರುವುದು ಖಾಲಿ ರಸ್ತೆಯಲ್ಲಿ.

ತಡವಳ ಹತ್ತಿರವಾಗುತ್ತಿದ್ದಂತೆ ಡಿಸೇಲ್ ಹಾಕಿಸಿ ಪಂಪಿನಿಂದ ಹೊರಬಿದ್ದೆವು. ರಸ್ತೆಯ ಮೇಲೆ ಒಂದು ನಾಯಿಯೂ ಇರಲಿಲ್ಲ. ಬೀರಪ್ಪ ಊರಿನ ಸುದ್ದಿ ಹೇಳುತ್ತ, ಸರಾಗವಾಗಿ, ಬಲಗಡೆ ಹಿಡಿದ. ನನಗೂ ಕೂಡಲೇ ತಿಳಿಯಲಿಲ್ಲ, ಅಷ್ಟು ಚೆನ್ನಾಗಿ ಓಡಿಸುತ್ತಿದ್ದ. ಊರ ದಾರಿ ಒಡೆಯುವ ಫಾಟಾ ಬಂತು, ಶಾಲೆಯ ಮಕ್ಕಳು ಹತ್ತುವ ಜಾಗ. ಅಲ್ಲಿ ಬಲಗಡೆಯ ಅಂಚಿಗೆ ಅಚ್ಚುಕಟ್ಟಾಗಿ ನಿಲ್ಲಿಸಿ ಬಾಗಿಲು ತೆರೆದ. ಕೊಲ್ಲಿಯ ಬಸ್ಸಿಗೆ ಬಾಗಿಲು ಬಲಕ್ಕೆ; ಅಲ್ಲಿ ಹೀಗೆ ನಿಲ್ಲಿಸಿದರೆ ಜನ ಫುಟ್‌ಪಾತಿಗೆ ಇಳಿಯುತ್ತಾರೆ. ನಮ್ಮ ಬಸ್ಸಿನ ಬಾಗಿಲು ಎಡಕ್ಕೆ. ಅದು ನಡುರಸ್ತೆಗೆ ತೆರೆಯಿತು.

ಅಪ್ಪ ಬಸ್ಸು ತರುತ್ತಾನೆಂದು ತಾಯಿ ಮಗಳು ದಿನದ ಜಾಗದಲ್ಲಿ, ರಸ್ತೆಯ ಎಡಬದಿಯಲ್ಲಿ ನಿಂತಿದ್ದರು. ಹುಡುಗಿಗೆ ತನ್ನ ಬಸ್ಸು ಕಂಡಿತು, ತೆರೆದ ಬಾಗಿಲು ಕಂಡಿತು. ಬಾಗಿಲು ತೆರೆದರೆ ಓಡಿ ಹತ್ತುವುದು ಅವಳ ರೂಢಿ. ಓಡಿದಳು. ಊರ ಕಡೆಯಿಂದ ಮೋಟಾರ್ ಸೈಕಲ್ಲೊಂದು ಬಂತು. ನನ್ನ ಬಲಗಾಲು ಬರೀ ತಗಡನ್ನು ತುಳಿಯಿತು.

ಮೋಟಾರ್ ಸೈಕಲ್ಲಿನವನು ಹೊಲದೊಳಗೆ ಹೋಗಿ ಬಿದ್ದ. ಎದ್ದು, ಮಣ್ಣು ಕೊಡವಿಕೊಂಡು, ಮೂರು ಭಾಷೆಗಳಲ್ಲಿ ನಮ್ಮನ್ನು ಬೈದ. ಅಷ್ಟು ಇಂಪಾದ ಬೈಗಳನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಹುಡುಗಿ ನಡುರಸ್ತೆಯಲ್ಲಿ ನಿಂತೇ ಇದ್ದಳು, ಕೂದಲೂ ಕೊಂಕದೆ. ತಾಯಿ ಬಂದು ಎಳೆದುಕೊಂಡಳು.

ಬೀರಪ್ಪ ಸ್ಟೇರಿಂಗು ಹಿಡಿದು ಹಾಗೇ ಕೂತಿದ್ದ. ನಾನು ನೀರು ಕುಡಿಸಿದೆ. ಅವನಿಗೆ ನೌಕರಿ ಹೋಗಬಾರದೆಂಬ ಆಸೆಯಿಂದ, “ಎರಡ ವಾರ ರೂಢಿ ಆತಂದ್ರ ಎಲ್ಲಾ ಸರಿ ಹೋಕ್ಕೈತೋ. ನಾ ಹೂಂ ಅಂತ ಹೇಳ್ತೀನಿ,” ಅಂದೆ.

“ನೀವು ಅಂದ್ರೂ ನಾ ಹೊಡೆಯಂಗಿಲ್ರಿ,” ಅಂದ. ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟ. “ಹದಿನೈದ ದಿನ ಸರಿ ಹೊಡಿತೀನಿ. ಹದಿನಾರನೇ ದಿನ ರಸ್ತೆ ಖಾಲಿ ಇರತೈತಿ. ಬಸ್ಸಿನ್ಯಾಗ ನನ್ನ ಮಗಳ ಅದಾಳ್ರಿ ಮಾಸ್ತರ್ರ.”

ನಾನು ಶಾಲೆಯವರಿಗೆ ಬೇಡ ಎಂದು ಹೇಳಿ ಬಂದೆ. ಇನ್ನು ವಿಮಾನವೇ ಗತಿ ಎಂದುಕೊಂಡಿದ್ದೆ. ಆದರೆ ಅದೇ ಬಸ್ಸಿಗೆ ಮಕ್ಕಳನ್ನು ಹತ್ತಿಸಿ ಇಳಿಸುವ ಮನುಷ್ಯನೂ ಬೇಕಾಗಿತ್ತಂತೆ. ಬೀರಪ್ಪ ಅದನ್ನು ತಾನೇ ಕೇಳಿ ಪಡೆದ. ಮರಳುಗಾಡಿನಲ್ಲಿ ದೊಡ್ಡ ಬಸ್ಸು ಓಡಿಸಿದವನು ಇಲ್ಲಿ ಬಾಗಿಲು ಕಾಯುತ್ತಾನೆಂದು ಊರವರು “ದುಬೈ ಕ್ಲೀನರ್” ಎಂದು ಹೆಸರಿಟ್ಟರು. ರೇವಣಶೇಠರು ಬೋರ್ಡಿನಿಂದ ಅವನ ಫೋಟೊ ತೆಗೆಸಿದರು. ಜೀಪಿನ ಸ್ಟೇರಿಂಗು ಇನ್ನೂ ಅಲ್ಲೇ ಇದೆ. ಅವನ ಹೆಂಡತಿ ಮೊದಮೊದಲು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಮೊನ್ನೆ ಅಕ್ಕಲಕೋಟಕ್ಕೆ ಹೋದವನು ಅದೇ ಬಸ್ಸಿನಲ್ಲಿ ತಡವಳದವರೆಗೆ ಹೋದೆ. ಬಾಗಿಲ ಹತ್ತಿರ ನಿಂತಿದ್ದ ಬೀರಪ್ಪನಿಗೆ, “ಬ್ಯಾಸರ ಇಲ್ಲೇನೋ?” ಎಂದು ಕೇಳಿದೆ.

“ಅಕಿ ಸಾಲಿಗೆ ಹೋಗೂದು ಇಷ್ಟ ವರ್ಷ ಫೋನಿನ್ಯಾಗ ನೋಡೀನ್ರಿ,” ಅಂದ. “ಈಗ ಬಾಗಲಾ ನಾನ ತಗೀತೀನಿ.”

ಬಸ್ಸು ನಿಂತಿತು. ಅವನು ಮೊದಲು ಇಳಿದು, ಆ ಕಡೆ ಈ ಕಡೆ ಎರಡೂ ಕಡೆ ನೋಡಿ, ಬರುತ್ತಿದ್ದ ಮೋಟಾರ್ ಸೈಕಲ್ಲಿಗೆ ಅಂಗೈ ಅಡ್ಡ ಹಿಡಿದ. “ಅಪ್ಪಾ, ದಫ್ತರ ಹಿಡಿ,” ಎಂದು ಹುಡುಗಿ ಮೆಟ್ಟಿಲ ಮೇಲಿನಿಂದ ಅವನ ಹೆಗಲಿಗೆ ಚೀಲ ಎಸೆದಳು.